ಔಟ್ ಅಂದರೆ ಯಾರಿಂದ ಹೊರಗೆ?

“ಆ ರಿಮೋಟ್ ಕೆಳಗಿಡಿ ಸಾಹೇಬ್ರೇ. ಒಂದು ಗುಂಡಿ ಒತ್ತಿದ್ರೂ ನಾನು ಸುಮ್ನಿರೋವಳಲ್ಲ.”

ಇನ್ಸ್‌ಪೆಕ್ಟರ ಕೈ ಅರ್ಧದಲ್ಲೇ ನಿಂತಿತು. ಮಹಡಿಯ ಮೇಲಿನ ಸಿನಿಮಾ ಕೋಣೆಯ ಬೀಗಮುದ್ರೆಯನ್ನು ಅವರು ಆಗಷ್ಟೇ ಒಡೆದಿದ್ದರು. ಒಳಗೆ ಕಾಲಿಟ್ಟವರು ಮಾಡಿದ ಮೊದಲ ಕೆಲಸ ಟೀವಿ ರಿಮೋಟಿಗೆ ಕೈ ಹಾಕಿದ್ದು. ಗಂಡಸರಿಗೆ ಇದೊಂದು ರೋಗ. ಸತ್ತವರ ಮನೆಯಾದರೂ ಸರಿ, ರಿಮೋಟ್ ಕಂಡರೆ ಕೈ ತುರಿಸುತ್ತದೆ.

“ಆನ್ ಮಾಡಿ ನೋಡೋಣ ಅಂತ,” ಅಂದರು.

ನೋಡೋಣ ಎನ್ನುವುದು ಅವರ ಬಾಯಿಗೆ ಅಂಟಿಕೊಂಡ ಮಾತು. ಠಾಣೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ನೋಡೋಣ ಸಾಹೇಬ್ರು ಎಂದೇ ಕರೆಯುತ್ತಾರೆ. ದೂರು ಕೊಟ್ಟರೂ ನೋಡೋಣ, ಸಾಕ್ಷಿ ತಂದರೂ ನೋಡೋಣ. ನೋಡದೆ ಮಾಡಿದ ಕೆಲಸ ಒಂದೇ, ನಿನ್ನೆ ನನ್ನ ತಂಗಿಯನ್ನು ಹಿಡಿದು ಲಾಕಪ್ಪಿಗೆ ತಳ್ಳಿದ್ದು.

ತಂಗಿ ಎಂದರೆ ನನ್ನ ಚಿಕ್ಕಮ್ಮನ ಮಗಳು. ಈ ಮನೆಯ ಹಿರಿಯರನ್ನು ನೋಡಿಕೊಳ್ಳಲು ಬರುತ್ತಿದ್ದ ನರ್ಸು. ಕಳೆದ ವಾರ ಒಂದು ಮಧ್ಯಾಹ್ನ ಹಿರಿಯರು ಮಹಡಿ ಮೆಟ್ಟಿಲಿನ ಬುಡದಲ್ಲಿ ಸತ್ತು ಬಿದ್ದಿದ್ದರು. ತಾವಾಗಿ ಬಿದ್ದದ್ದಲ್ಲ, ಯಾರೋ ತಳ್ಳಿದ್ದು ಎಂದು ಡಾಕ್ಟರು ಬರೆದುಕೊಟ್ಟರು. ಮನೆಯಲ್ಲಿದ್ದವರು ಇಬ್ಬರೇ. ಮಗ ಮೇಲೆ ಬಾಗಿಲು ಮುಚ್ಚಿಕೊಂಡು ಸಿನಿಮಾ ನೋಡುತ್ತಿದ್ದನಂತೆ, ಗೋಡೆಯಾಚೆಯ ಟೈಲರು ಆ ಹೊತ್ತೆಲ್ಲಾ ಸಿನಿಮಾದ ಸದ್ದು ಕೇಳಿದ್ದಾನೆ. ಉಳಿದವಳು ನರ್ಸು. ಅವಳು ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು, ಅದನ್ನು ನೋಡಿದವರು ಯಾರೂ ಇಲ್ಲ.

ಸಂಜೆಗೆ ಅವಳನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಲ್ಲಿಂದ ಜೈಲು. ಅಷ್ಟರೊಳಗೆ ಆ ಮಗನ ಮಾತು ಸುಳ್ಳು ಎಂದು ನಾನು ತೋರಿಸಬೇಕು. ಪತ್ತೇದಾರಿ ಕಚೇರಿಯ ಬೋರ್ಡು ಹಾಕಿಕೊಂಡು ಊರವರ ಕಳ್ಳತನ, ಮೋಸ ಎಲ್ಲಾ ಹುಡುಕಿಕೊಟ್ಟವಳು ಸ್ವಂತ ತಂಗಿಯನ್ನು ಬಿಡಿಸಲಾಗದಿದ್ದರೆ ಆ ಬೋರ್ಡನ್ನು ಒಲೆಗೆ ಹಾಕುವುದು ಒಳ್ಳೆಯದು.

ನನ್ನ ಪಿತ್ತ ನೆತ್ತಿಗೇರಿದ್ದು ಮಗನ ಹೇಳಿಕೆಯ ಒಂದು ಮಾತಿಗೆ. “ಮನೆಯವರು ಯಾರೂ ಇಂಥ ಕೆಲಸ ಮಾಡಲ್ಲ. ಇದು ಹೊರಗಿನವಳದ್ದೇ.” ಹೊರಗಿನವಳು. ಅವನ ಅಪ್ಪನಿಗೆ ಸ್ನಾನ ಮಾಡಿಸಿದವಳು, ಉಗುರು ಕತ್ತರಿಸಿದವಳು, ಅನ್ನ ಕಲೆಸಿ ತಿನ್ನಿಸಿದವಳು ಹೊರಗಿನವಳು. ಮಹಡಿಯ ಮೇಲೆ ಕಾಲು ಚಾಚಿಕೊಂಡು ಸಿನಿಮಾ ನೋಡುವವನು ಒಳಗಿನವನು.

ಬೆಳಿಗ್ಗೆ ಲಾಕಪ್ಪಿನ ಕಂಬಿಯ ಈಚೆ ನಿಂತು ಅವಳಿಗೆ ಅದನ್ನೇ ಹೇಳಿದ್ದೆ.

“ಪಿಟೀಲು, ಅಳಬೇಡ. ಯಾರು ಒಳಗಿನವರು, ಯಾರು ಹೊರಗಿನವರು ಅಂತ ಅವನಿಗೆ ತೋರಿಸ್ತೀನಿ.”

ಪಿಟೀಲು ಅವಳಿಗೆ ನಾನಿಟ್ಟ ಹೆಸರು. ಚಿಕ್ಕವಳಿದ್ದಾಗ ಒಂದು ಸಲ ರಾಗ ಶುರು ಮಾಡಿದಳೆಂದರೆ ಮನೆಯವರೆಲ್ಲಾ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಎಲ್ಲರ ತಲೆ ತಿಂದು ಕೊನೆಗೆ ನನ್ನ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದಳು. ಈಗಲೂ ನಮ್ಮಿಬ್ಬರ ನಡುವೆ ಅದೇ ಹೆಸರು. ಹೊರಗೆ ಎಲ್ಲರಿಗೂ ಅವಳು ಸಿಸ್ಟರ್.

“ಅಕ್ಕಾ, ನಾನು ಆ ಸಿನಿಮಾ ರೂಮಿನ ಹೊಸಿಲೂ ತುಳಿದಿಲ್ಲ,” ಅಂದಿದ್ದಳು. “ಕಸ ಗುಡಿಸೋಕೂ ನನ್ನ ಸೇರಿಸ್ತಿರ್ಲಿಲ್ಲ. ಅಲ್ಲಿ ಏನಿದೆ ಅಂತ್ಲೇ ನಂಗೊತ್ತಿಲ್ಲ.”

“ಗೊತ್ತಿರಬೇಕಾಗೂ ಇಲ್ಲ. ಏನಿದೆ ಅಂತ ನಾನು ನೋಡ್ತೀನಿ.”

ಹಾಗೆ ಬಂದು ನಿಂತ ಕೋಣೆ ಇದು. ಎದುರು ಗೋಡೆಯ ತುಂಬಾ ಟೀವಿ. ಮೂಲೆ ಮೂಲೆಗೆ ಸ್ಪೀಕರು. ಟೀವಿಯ ಕೆಳಗಿನ ಕಪಾಟಿನಲ್ಲಿ ದಪ್ಪನೆಯ ಆಂಪ್ಲಿಫೈಯರು, ಅದರ ಮೇಲೆ ಡಿಸ್ಕ್ ಹಾಕುವ ಪ್ಲೇಯರು. ಹಿಂದುಗಡೆ ಬಗ್ಗಿ ನೋಡಿದರೆ ಕಪ್ಪು ವೈರುಗಳ ಗೋಜಲು. ದೇವರಾಣೆಗೂ ನನಗೆ ಅದರ ತಲೆ ಬುಡ ಗೊತ್ತಾಗುತ್ತಿರಲಿಲ್ಲ, ನಮ್ಮ ಮನೆಯಲ್ಲೂ ಇಂಥದೊಂದು ಗೋಜಲು ಇಲ್ಲದೇ ಹೋಗಿದ್ದರೆ.

ನಮ್ಮ ಮನೆಯವರು ಲೈಬ್ರರಿಯಲ್ಲಿ ಕೆಲಸ ಮಾಡುವವರು. ದಿನವಿಡೀ ಎಲ್ಲರಿಗೂ ಶ್ ಶ್ ಎನ್ನುತ್ತಾ ಕೂತವರು ಮನೆಗೆ ಬಂದ ಕೂಡಲೇ ಗೋಡೆ ನಡುಗುವಷ್ಟು ಸದ್ದು ಬೇಕೆನ್ನುತ್ತಾರೆ. ಊಟಕ್ಕೆ ಕೂತಾಗ ವೈರಿನ ಪುರಾಣ, ಮಲಗುವಾಗ ಸ್ಪೀಕರಿನ ಪುರಾಣ. ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ಅವರ ಆ ಮಾತಿಗೆ ನಾನು ಸೊಪ್ಪು ಹಾಕಿದವಳಲ್ಲ. ಇವತ್ತು ಅವರಿಗೇ ಫೋನ್ ಮಾಡಬೇಕಾಯಿತಲ್ಲ ಎಂದು ಅದಕ್ಕೂ ಒಂದು ಪಾಲು ಸಿಟ್ಟು ಬಂತು.

“ರೀ, ಜೋರಾಗಿ ಮಾತಾಡಿ, ಸ್ಪೀಕರಿಗೆ ಹಾಕಿದ್ದೀನಿ. ಇನ್ಸ್‌ಪೆಕ್ಟರೂ ಕೇಳಿಸ್ಕೋತಿದ್ದಾರೆ.”

“ಲೈಬ್ರರೀಲಿ ಜೋರಾಗಿ ಮಾತಾಡೋಕಾಗಲ್ಲ ಕಣೇ,” ಎಂದು ಪಿಸುಗುಟ್ಟಿದರು.

“ಹಾಗಾದ್ರೆ ಬೀದಿಗೆ ಬನ್ನಿ.”

ಅವರು ಬೀದಿಗೆ ಬಂದರು. ಹಾರ್ನ್ ಸದ್ದು ಕೇಳಿಸಿತು. ನಾನು ಕಪಾಟಿನ ಹಿಂದೆ ಮಂಡಿಯೂರಿ ಟಾರ್ಚು ಹಿಡಿದಿದ್ದೆ.

“ಮೊದ್ಲು ಹೇಳು, ಟೀವಿ ಆನ್ ಮಾಡಿದ್ಯಾ?”

“ಇಲ್ಲ. ನೀವು ಬೆಳಿಗ್ಗೆ ಪಿಟೀಲು ಕುಯ್ದ ಹಾಗೆ ಕುಯ್ದಿದ್ರಲ್ಲ, ಮುಟ್ಟಬೇಡ ಮುಟ್ಟಬೇಡ ಅಂತ. ಇಲ್ಲೊಬ್ರು ಮುಟ್ಟೋದ್ರಲ್ಲಿದ್ರು.”

ಇನ್ಸ್‌ಪೆಕ್ಟರು ಕಿಟಕಿಯ ಕಡೆ ನೋಡಿದರು.

“ಅದು ಯಾಕೆ ಅಂದ್ರೆ ಸಿಇಸಿ ಅಂತ ಒಂದಿದೆ,” ಎಂದು ನಮ್ಮ ಮನೆಯವರು ಉತ್ಸಾಹದಿಂದ ಶುರು ಮಾಡಿದರು. “ವೈರಿನಲ್ಲಿ ಕಟ್ಟಿಹಾಕಿರೋ ಡಬ್ಬಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ಕೊಳ್ಳುತ್ವೆ. ಒಂದು ಎದ್ರೆ ಇನ್ನೊಂದನ್ನ ಎಬ್ಬಿಸುತ್ತೆ, ಒಂದು ಮಲಗಿದ್ರೆ ಇನ್ನೊಂದೂ ಮಲಗುತ್ತೆ. ನೀನು ಟೀವಿ ಹಚ್ಚಿದ್ರೆ ಅದು ಆಂಪ್ಲಿಫೈಯರನ್ನ ಎಬ್ಬಿಸಿ, ಸದ್ದು ನನ್ನಿಂದ ತಗೋ ಅಂತ ಅದರ ಸೋರ್ಸೇ ಬದಲಾಯಿಸಿಬಿಡುತ್ತೆ. ಆಗ ಆವತ್ತಿನದು ಅಳಿಸಿ ಹೋಯ್ತು.”

“ಸೋರ್ಸ್ ಅಂದ್ರೆ?” ಎಂದು ಇನ್ಸ್‌ಪೆಕ್ಟರು ಕೇಳಿದರು.

“ಈಗ ಯಾರ ಮಾತು ಕೇಳಿಸ್ಕೋತಿದ್ದೀನಿ ಅನ್ನೋದು ಸರ್. ಆಂಪ್ಲಿಫೈಯರಿಗೆ ಹತ್ತು ಕಡೆಯಿಂದ ವೈರ್ ಬಂದಿರುತ್ತೆ. ಒಂದು ಹೊತ್ತಿಗೆ ಒಬ್ಬರದೇ ಕೇಳುತ್ತೆ. ಕೊನೇಲಿ ಯಾರದ್ದು ಕೇಳಿತ್ತೋ ಅದನ್ನ ನೆನಪಿಟ್ಕೊಂಡಿರುತ್ತೆ.”

“ನಮ್ಮ ಮನೇಲಿ ನಿಮಗಿಂತ ಅದೇ ವಾಸಿ,” ಅಂದೆ.

ಮೊದಲು ಆಂಪ್ಲಿಫೈಯರಿನಿಂದ ಟೀವಿಗೆ ಹೋಗುವ ಎಚ್‌ಡಿಎಂಐ ವೈರನ್ನು ಕಿತ್ತಿಡಬೇಕು, ಆಮೇಲೆ ಆಂಪ್ಲಿಫೈಯರನ್ನು ಮಾತ್ರ ಅದರ ಮೈಮೇಲಿನ ಗುಂಡಿಯಿಂದ ಹಚ್ಚಬೇಕು ಎಂದರು. ಹಾಗೇ ಮಾಡಿದೆ. ಟಕ್ ಎಂದು ಸದ್ದಾಯಿತು. ಮುಂದಿನ ಕಪ್ಪು ಗಾಜಿನಲ್ಲಿ ನೀಲಿ ಅಕ್ಷರ ಮೂಡಿತು.

ಟೀವಿ ಎಂದಿತ್ತು. ಡಿಸ್ಕ್ ಎಂದಿರಲಿಲ್ಲ.

“ಸಾಹೇಬ್ರೇ, ಆ ಮಗ ಹೇಳಿಕೇಲಿ ಏನಂದಿದ್ದಾನೆ? ಪ್ಲೇಯರಿಗೆ ಡಿಸ್ಕ್ ಹಾಕಿ ಸಿನಿಮಾ ನೋಡಿದೆ, ಮುಗಿದ್ಮೇಲೆ ಎದ್ದು ಹೊರಗೆ ಬಂದೆ ಅಂತ ತಾನೇ?”

“ಹೌದು. ಡಿಸ್ಕೂ ಪ್ಲೇಯರಿನಲ್ಲೇ ಇದೆ.”

“ಅದರ ಮಾತನ್ನ ಈ ಡಬ್ಬ ಕೇಳೇ ಇಲ್ಲ.”

ಫೋನಿನೊಳಗಿಂದ ನಮ್ಮ ಮನೆಯವರು ತಡೆಯಲಾರದೆ ಮಾತು ಹಾಕಿದರು. “ಟೀವಿ ಅಂತ ತೋರಿಸ್ತಾ ಇದೆ ಅಂದ್ರೆ ಸದ್ದು ಟೀವಿ ಹೊಟ್ಟೆಯೊಳಗೇ ಹುಟ್ಟಿದ್ದು. ಅದಕ್ಕೆ ಆರ್ಕ್ ಅಂತಾರೆ. ಚಿತ್ರ ಹೋಗೋದು ಆಂಪ್ಲಿಫೈಯರಿನಿಂದ ಟೀವಿಗೆ. ಟೀವೀಲೇ ಹುಟ್ಟಿದ ಸದ್ದು ಮಾತ್ರ ಅದೇ ವೈರಿನಲ್ಲಿ ವಾಪಸ್ ಬಂದು ಸ್ಪೀಕರಿಗೆ ಸೇರುತ್ತೆ. ವಾಪಸ್ ಬರೋ ದಾರಿ ಅದು.”

“ಟೀವಿ ಹೊಟ್ಟೆಯೊಳಗೆ ಅದು ಹೇಗೆ ಹುಟ್ಟುತ್ತೆ?”

“ಟೀವೀಲೇ ಇರೋ ಆಪ್‌ನಿಂದ ಹುಟ್ಟಬಹುದು. ಇಲ್ಲಾ ಯಾರಾದ್ರೂ ಫೋನಿನಿಂದ ಕಳಿಸಿರಬಹುದು. ಅದಕ್ಕೆ ಟೀವಿ ಮುಂದೆ ಕೂರಬೇಕು ಅಂತ ಏನೂ ಇಲ್ಲ ಕಣೇ. ಅದೇ ಮನೆ ವೈಫೈನಲ್ಲಿದ್ರೆ ಸಾಕು, ಅಡುಗೆಮನೇಲಿ ನಿಂತು ಒತ್ತಿದ್ರೂ ಮೇಲೆ ಟೀವಿ ತಾನಾಗಿ ಏಳುತ್ತೆ. ಟೀವಿ ಆಂಪ್ಲಿಫೈಯರನ್ನ ಎಬ್ಬಿಸುತ್ತೆ. ಖಾಲಿ ರೂಮಿನಲ್ಲಿ ಸಿನಿಮಾ ಕೂಗ್ತಾ ಇರುತ್ತೆ.”

ಇನ್ಸ್‌ಪೆಕ್ಟರು ಕುರ್ಚಿಯ ಅಂಚಿಗೆ ಕೂತರು. ಅಲ್ಲಿಯವರೆಗೆ ಅವರ ಮುಖದಲ್ಲಿದ್ದ ನೋಡೋಣ ಅರ್ಧದಷ್ಟು ಇಳಿದಿತ್ತು.

“ಯಾರ ಫೋನು ಬೇಕಾದ್ರೂ ಕಳಿಸಬಹುದಾ?” ಎಂದು ಕೇಳಿದರು.

“ಇಲ್ಲ ಸರ್. ಹೊಸ ಫೋನು ಮೊದಲ್ನೇ ಸಲ ಸೇರ್ಕೊಳ್ಳೋವಾಗ ಟೀವಿ ಪರದೆ ಮೇಲೆ ಕೇಳುತ್ತೆ, ಇವರನ್ನ ಒಳಗೆ ಬಿಡ್ಲಾ ಅಂತ. ಟೀವಿ ಮುಂದೆ ನಿಂತವರೇ ರಿಮೋಟಿನಲ್ಲಿ ಹೂಂ ಅನ್ನಬೇಕು. ಒಂದು ಸಲ ಹೂಂ ಅಂದ್ರೆ ಆಯ್ತು, ಆ ಫೋನಿನ ಹೆಸರು ಪಟ್ಟಿಗೆ ಸೇರುತ್ತೆ. ಬೇಕಾದ್ರೆ ಸೆಟ್ಟಿಂಗಿಗೆ ಹೋಗಿ ನೋಡಬಹುದು, ಕೊನೇಲಿ ಕಳಿಸಿದವರ ಹೆಸರು ಮೇಲ್ಗಡೆ ಇರುತ್ತೆ.”

“ಸಾಕು, ಇನ್ನು ಒಳಗೆ ಹೋಗಿ,” ಎಂದು ಫೋನಿಟ್ಟೆ. ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದರೆ ಇನ್ನೊಂದು ಸ್ಪೀಕರು ಮನೆಗೆ ಬರುತ್ತದೆ.

ಟೀವಿಯ ವೈರನ್ನು ಮತ್ತೆ ಸಿಕ್ಕಿಸುವಾಗ ಟಾರ್ಚಿನ ಬೆಳಕು ಪ್ಲೇಯರಿನಿಂದ ಬಂದ ವೈರಿನ ಮೇಲೆ ಬಿತ್ತು. ಅದು ಎಲ್ಲಿಗೆ ಹೋಗಿದೆ ಎಂದು ಬೆರಳಿನಲ್ಲೇ ಹಿಡಿದುಕೊಂಡು ಹೋದೆ. ಆಂಪ್ಲಿಫೈಯರಿನ ಬೆನ್ನಿನಲ್ಲಿ ಎರಡು ಸಾಲು ತೂತುಗಳು. ಒಂದು ಸಾಲಿನ ಮೇಲೆ ಇನ್ ಎಂದು ಬರೆದಿತ್ತು, ಡಿಸ್ಕ್, ಗೇಮ್, ಕೇಬಲ್ ಎಂದು ಒಂದೊಂದಕ್ಕೂ ಹೆಸರು. ಪಕ್ಕದಲ್ಲಿ ಬೇರೆಯಾಗಿ ಎರಡು ತೂತು, ಔಟ್ ಒಂದು, ಔಟ್ ಎರಡು. ಟೀವಿಯ ವೈರು ಔಟ್ ಒಂದರದ್ದು.

ಪ್ಲೇಯರಿನ ವೈರು ಔಟ್ ಎರಡರಲ್ಲಿತ್ತು.

ಡಿಸ್ಕ್ ಎಂದು ಬರೆದ ಇನ್ ತೂತಿನಲ್ಲಿ ಜೇಡ ಬಲೆ ಕಟ್ಟಿತ್ತು.

ನನಗೆ ನಗು ಬರಲಿಲ್ಲ, ಮೈಯೆಲ್ಲಾ ಉರಿಯಿತು. ಇಂಥ ಬೆಪ್ಪುತಕ್ಕಡಿಯ ಹೇಳಿಕೆಯನ್ನು ನಂಬಿ ನನ್ನ ಪಿಟೀಲನ್ನು ರಾತ್ರಿಯೆಲ್ಲಾ ತಣ್ಣನೆಯ ನೆಲದ ಮೇಲೆ ಕೂರಿಸಿದ್ದರು. ಇನ್ಸ್‌ಪೆಕ್ಟರನ್ನು ಕರೆದು ಮಂಡಿಯೂರಿಸಿ ಬಲೆಯನ್ನು ತೋರಿಸಿದೆ. ಅವರು ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದು, ಬಾಗಿಲಿಗೆ ಹೋಗಿ ಮಗನನ್ನು ಕೂಗಿದರು.

ಮಗ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಿದ್ದೆಗೆಟ್ಟ ಕಣ್ಣು. ನನ್ನನ್ನು ಕಂಡ ಕೂಡಲೇ ಮುಖ ಗಂಟಿಕ್ಕಿದ.

“ಇವರು ಯಾಕೆ ಇಲ್ಲಿದ್ದಾರೆ? ಆ ನರ್ಸಿನ ಅಕ್ಕ ತಾನೇ ಇವರು? ಹೊರಗಿನವರನ್ನೆಲ್ಲಾ ಮನೆಯೊಳಗೆ ಬಿಟ್ಕೋತಾ ಹೋದ್ರೆ ಹೇಗೆ ಸರ್?”

“ಒಂದು ಸಣ್ಣ ಕೆಲಸ ಇತ್ತು,” ಅಂದೆ. “ಆವತ್ತು ಹಾಕಿದ ಹಾಗೇ ಸಿನಿಮಾ ಹಾಕಿ ತೋರಿಸಿ. ಅದೇ ಡಿಸ್ಕ್. ನಾವೂ ಸ್ವಲ್ಪ ನೋಡಿ ಹೋಗ್ತೀವಿ.”

“ಅಪ್ಪ ಸತ್ತು ವಾರ ಆಗಿಲ್ಲ. ಇವರಿಗೆ ಸಿನಿಮಾ ಬೇಕಂತೆ.”

“ಹಾಕಿ, ನೋಡೋಣ,” ಅಂದರು ಇನ್ಸ್‌ಪೆಕ್ಟರು. ಜೀವಮಾನದಲ್ಲಿ ಆ ಮಾತನ್ನು ಅವರು ಸರಿಯಾದ ಜಾಗದಲ್ಲಿ ಆಡಿದ್ದು ಅದೇ ಮೊದಲು.

ಅವನು ಪ್ಲೇಯರ್ ಹಚ್ಚಿದ. ಟೀವಿ ಹಚ್ಚಿದ. ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಡಿಸ್ಕ್ ಎಂದು ಬರುವಂತೆ ಮಾಡಿದ. ಎಲ್ಲಾ ದೀಪ ಹತ್ತಿದವು. ಪ್ಲೇಯರಿನೊಳಗೆ ಡಿಸ್ಕ್ ತಿರುಗುವ ಸದ್ದು ಕೇಳಿಸಿತು. ಪರದೆಯ ಮೇಲೆ ಮಾತ್ರ ಒಂದು ಸಣ್ಣ ಪೆಟ್ಟಿಗೆ ಮೂಡಿತು, ಸಿಗ್ನಲ್ ಇಲ್ಲ.

ಅವನು ಮತ್ತೆ ಒತ್ತಿದ. ಸಿಗ್ನಲ್ ಇಲ್ಲ. ಪ್ಲೇಯರನ್ನು ಆರಿಸಿ ಹಚ್ಚಿದ. ಸಿಗ್ನಲ್ ಇಲ್ಲ.

“ಪೊಲೀಸ್ರು ವೈರ್ ಎಳೆದಾಡಿರ್ತಾರೆ,” ಅಂದ.

ಅದನ್ನು ಕೇಳಿ ಇನ್ಸ್‌ಪೆಕ್ಟರಿಗೂ ಮೊದಲ ಸಲ ಸಿಟ್ಟು ಬಂತು. ಬೀಗಮುದ್ರೆ ಹಾಕಿದ ದಿನ ತಾವೇ ತೆಗೆದ ಫೋಟೊಗಳನ್ನು ಫೋನಿನಲ್ಲಿ ತೆರೆದು ಅವನ ಮೂಗಿನ ಕೆಳಗೆ ಹಿಡಿದರು. ಆಂಪ್ಲಿಫೈಯರಿನ ಬೆನ್ನು, ಔಟ್ ಎರಡರಲ್ಲಿ ಅದೇ ವೈರು, ಇನ್‌ನಲ್ಲಿ ಅದೇ ಬಲೆ.

“ಈ ವೈರನ್ನ ಯಾರು ಸಿಕ್ಕಿಸಿದ್ದು?” ಎಂದು ನಾನು ಕೇಳಿದೆ.

“ನಾನೇ. ಅದರಲ್ಲೇನು ತಪ್ಪು? ಪ್ಲೇಯರಿನಿಂದ ಸಿನಿಮಾ ಹೊರಗೆ ಬರುತ್ತೆ. ಹೊರಗೆ ಬರೋದಕ್ಕೆ ಔಟ್.”

“ಹೊರಗೆ ಅಂದ್ರೆ ಯಾರಿಂದ ಹೊರಗೆ?”

ಅವನು ಬಗ್ಗಿ ಆಂಪ್ಲಿಫೈಯರಿನ ಬೆನ್ನನ್ನು ಇಣುಕಿ ನೋಡಿದ.

“ಇನ್, ಔಟ್ ಅನ್ನೋದೆಲ್ಲಾ ಆ ಡಬ್ಬ ತನ್ನ ಮಟ್ಟಿಗೆ ಹೇಳ್ಕೊಳ್ಳೋ ಮಾತು. ಇನ್ ಅಂದ್ರೆ ನನ್ನೊಳಗೆ ಬರೋದು. ಔಟ್ ಅಂದ್ರೆ ನನ್ನಿಂದ ಆಚೆ ಹೋಗೋದು. ಪ್ಲೇಯರಿನಿಂದ ಆಚೆ ಬಂದದ್ದು ಇದಕ್ಕೆ ಒಳಗೆ ಬರಬೇಕು. ನಿಮಗೆ ಒಳಗು ಯಾವ್ದು, ಹೊರಗು ಯಾವ್ದು ಅಂತ ಡಬ್ಬದ ವಿಷಯದಲ್ಲೂ ಗೊತ್ತಿಲ್ಲ, ಮನುಷ್ಯರ ವಿಷಯದಲ್ಲೂ ಗೊತ್ತಿಲ್ಲ.”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ.”

“ಆಡ್ತೀನಿ. ನಿಮ್ಮಪ್ಪನ ಹಾಸಿಗೆ ಬದಲಾಯಿಸಿದವಳು ಲಾಕಪ್ಪಲ್ಲಿದ್ದಾಳೆ. ಅವಳ ತಲೆ ಮೇಲೆ ಗೂಬೆ ಕೂರಿಸಿ ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ಓಡಾಡ್ತಿದ್ದೀರಿ. ಈ ಡಿಸ್ಕ್ ಆವತ್ತು ಓಡಿಲ್ಲ. ಈ ವೈರಿನಲ್ಲಿ ಯಾವತ್ತೂ ಏನೂ ಓಡಿಲ್ಲ. ನೀವು ಆ ಹೊತ್ತಿನಲ್ಲಿ ಈ ಕುರ್ಚೀಲಿ ಕೂತಿರ್ಲಿಲ್ಲ. ಎಲ್ಲಿದ್ರಿ? ಮೆಟ್ಟಿಲ ತುದೀಲಾ?”

ಅವನು ರಿಮೋಟನ್ನು ಕುರ್ಚಿಯ ಮೇಲೆ ಎಸೆದ. ನನ್ನ ಮೇಲೆ ಏರಿ ಬರುತ್ತಾನೆ ಎಂದುಕೊಂಡೆ, ಬರಲಿ ಎಂದೇ ಸೆರಗು ಬಿಗಿದು ನಿಂತಿದ್ದೆ. ಅವನು ಬರಲಿಲ್ಲ. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದ.

“ನಾನು ಮನೇಲೇ ಇರಲಿಲ್ಲ.”

“ಇನ್ನೊಂದು ರೀಲು ಬಿಡ್ಬೇಡಿ.”

“ಸತ್ಯ ಹೇಳ್ತಿದ್ದೀನಿ. ಬೆಳಿಗ್ಗೆ ಅಪ್ಪನಿಗೂ ನನಗೂ ಜಗಳ ಆಗಿತ್ತು. ಅವರಿಗೆ ಕಿವಿ ಕೇಳಲ್ಲ, ನಾನು ಕೂಗಿ ಕೂಗಿ ಮಾತಾಡಿದ್ದೆ, ಬೀದಿಗೆಲ್ಲಾ ಕೇಳಿಸಿರುತ್ತೆ. ಮನೆಗೆ ಬರೋಕೆ ಮನಸ್ಸಾಗಲಿಲ್ಲ. ಕೆರೆ ಹತ್ರ ಕಾರು ನಿಲ್ಲಿಸ್ಕೊಂಡು ಕೂತಿದ್ದೆ. ಯಾರೂ ನೋಡಿಲ್ಲ. ವಾಪಸ್ ಬಂದಾಗ ಮೇಲೆ ಸಿನಿಮಾ ಜೋರಾಗಿ ಓಡ್ತಿತ್ತು. ಅಪ್ಪ ಮೆಟ್ಟಿಲ ಕೆಳಗೆ...” ಅವನು ಬಾಗಿಲ ಕಡೆ ಕೈ ತೋರಿಸಿದ. “ಇಲ್ಲಿಗೆ ಬಂದು ನೋಡಿದ್ರೆ ರೂಮು ಖಾಲಿ.”

“ಖಾಲಿ ರೂಮಿನಲ್ಲಿ ಸಿನಿಮಾ ಓಡ್ತಿತ್ತು ಅಂತ ಪೊಲೀಸರಿಗೆ ಯಾಕೆ ಹೇಳಲಿಲ್ಲ?” ಎಂದರು ಇನ್ಸ್‌ಪೆಕ್ಟರು.

“ಹೇಳಿದ್ರೆ ನಂಬ್ತಿದ್ರಾ? ಬೆಳಿಗ್ಗೆ ಜಗಳ ಆಡಿದ ಮಗ, ಎಲ್ಲಿದ್ದ ಅಂತ ಸಾಕ್ಷಿ ಇಲ್ಲ. ಟೈಲರಿಗೆ ಸದ್ದು ಕೇಳಿಸಿರುತ್ತೆ ಅಂತ ಗೊತ್ತಿತ್ತು. ನಾನೇ ನೋಡ್ತಿದ್ದೆ ಅಂದ್ಬಿಟ್ರೆ ಮುಗೀತು ಅನ್ಕೊಂಡೆ. ಯಾವ ಸಿನಿಮಾ ಅಂತ ಕೇಳಿದ್ರೆ? ಅದು ಯಾವ್ದೋ ನಂಗೊತ್ತಿಲ್ಲ, ಎಲ್ಲಿಂದ ಬರ್ತಿತ್ತು ಅಂತಾನೂ ಗೊತ್ತಿಲ್ಲ. ಟೀವಿ ಆರಿಸಿದೆ. ಅಟ್ಟದ ಮೇಲಿದ್ದ ಹಳೇ ಪ್ಲೇಯರ್ ತಂದು, ಮುಂಚೆ ನೋಡಿದ್ದ ಸಿನಿಮಾದ ಡಿಸ್ಕ್ ಹಾಕಿ ವೈರ್ ಸಿಕ್ಕಿಸಿದೆ. ನೀವು ಬರೋ ಹೊತ್ತಾಗಿತ್ತು, ಹಚ್ಚಿ ನೋಡ್ಲಿಲ್ಲ.”

“ನಿಮ್ಮಪ್ಪ ಕೆಳಗೆ ಬಿದ್ದಿದ್ದಾಗ ನೀವು ಅಟ್ಟ ಹತ್ತಿ ಪ್ಲೇಯರ್ ಇಳಿಸ್ತಿದ್ರಿ,” ಅಂದೆ.

ಅವನು ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ನನಗೆ ಅಯ್ಯೋ ಎನಿಸಲಿಲ್ಲ. ತನ್ನ ಚರ್ಮ ಉಳಿಸಿಕೊಳ್ಳಲು ಇನ್ನೊಬ್ಬಳ ಕೈಗೆ ಕೋಳ ಹಾಕಿಸಿದವನಿಗೆ ಅಯ್ಯೋ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೂ ಒಂದು ವಿಷಯ ಸರಿಹೋಗುತ್ತಿತ್ತು. ಸಿನಿಮಾ ಎಲ್ಲಿಂದ ಬಂತೆಂದು ಗೊತ್ತಿದ್ದವನು ಪ್ಲೇಯರ್ ಇಳಿಸಬೇಕಾಗಿರಲಿಲ್ಲ. ಫೋನಿನಿಂದ ಕಳಿಸಿದವನು ಇವನಲ್ಲ.

“ಹಾಗಾದ್ರೆ ಸಿನಿಮಾ ಹಾಕಿದ್ದು ಯಾರು?” ಎಂದರು ಇನ್ಸ್‌ಪೆಕ್ಟರು.

“ತಳ್ಳಿದವರು,” ಅಂದೆ. ಈಗ ನನ್ನ ಬಾಯಿಗೆ ತಡೆಯೇ ಇರಲಿಲ್ಲ. “ಈ ಸದ್ದು ಇದ್ದದ್ದೇ ಬೇರೆ ಯಾವ ಸದ್ದೂ ಟೈಲರಿಗೆ ಕೇಳದೇ ಇರ್ಲಿ ಅಂತ. ಕೂಗಿದ್ದು, ಬಿದ್ದದ್ದು, ಎಲ್ಲಾ ಮುಚ್ಚಿಹೋಗ್ಲಿ ಅಂತ. ಯಾರ ಫೋನು ಈ ಟೀವಿಗೆ ಸಿನಿಮಾ ಕಳಿಸ್ತೋ ಅವರೇ ಹಿರಿಯರನ್ನ ತಳ್ಳಿದ್ದು. ಇದನ್ನ ನಾನು ಹೇಳ್ದೆ ಅಂತ ಬರ್ಕೊಳ್ಳಿ. ಈ ಟೀವೀಲಿ ಅವರ ಹೆಸರಿದೆ, ಈಗ ತೆಗೆದು ತೋರಿಸ್ತೀನಿ. ಅದಕ್ಕೆ ಮುಂಚೆ ನನ್ನ ತಂಗೀನ ಬಿಡೋಕೆ ಹೇಳಿ.”

“ಬಿಡೋದು ಆಮೇಲೆ ನೋಡ...” ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಮಾತು ನುಂಗಿದರು. “ಸರಿ. ಕೋರ್ಟಿಗೆ ಕರ್ಕೊಂಡು ಹೋಗೋದನ್ನ ನಿಲ್ಲಿಸ್ತೀನಿ.”

ಅವರು ಫೋನ್ ಹಿಡಿದು ಮೆಟ್ಟಿಲ ಬಳಿಗೆ ಹೋದರು. ಠಾಣೆಯ ಮಾತು ಮಗನಿಗೆ ಕೇಳಿಸಬಾರದೆಂದಿರಬೇಕು. ಮಗ ಇನ್ನೂ ಮುಖ ಮುಚ್ಚಿಕೊಂಡೇ ಕೂತಿದ್ದ.

ನಾನು ರಿಮೋಟ್ ಎತ್ತಿಕೊಂಡೆ. ಈಗ ಟೀವಿ ಮುಟ್ಟಲು ಹೆದರಬೇಕಾಗಿರಲಿಲ್ಲ. ಸೆಟ್ಟಿಂಗ್, ಅದರೊಳಗೆ ಸಂಪರ್ಕ, ಅದರೊಳಗೆ ಸೇರಿಕೊಂಡ ಫೋನುಗಳು. ನಮ್ಮ ಮನೆಯವರು ಇದನ್ನೆಲ್ಲಾ ಮಾಡುವಾಗ ಪಕ್ಕದಲ್ಲಿ ಕೂತು ಆಕಳಿಸಿದ್ದು ಇವತ್ತು ಉಪಯೋಗಕ್ಕೆ ಬಂತು. ತಂಗಿ ಹೊರಗೆ ಬಂದ ಕೂಡಲೇ ಮನೆಗೆ ಕರೆದೊಯ್ಯಬೇಕು, ಬಿಸಿನೀರು ಕಾಯಿಸಿ ತಲೆಗೆ ಹಾಕಬೇಕು, ಆಮೇಲೆ ಮಡಿಲಲ್ಲಿ ಮಲಗಿಸಿಕೊಳ್ಳಬೇಕು ಎಂದುಕೊಳ್ಳುತ್ತಾ ಗುಂಡಿ ಒತ್ತಿದೆ.

ಪಟ್ಟಿ ತೆರೆಯಿತು. ಎರಡೇ ಹೆಸರಿದ್ದವು. ಕೆಳಗಿನದು ಮಗನ ಫೋನು.

ಮೇಲಿನದು, ಪಿಟೀಲು.

ನಾನು ಇನ್ನೊಮ್ಮೆ ಓದಿದೆ. ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಕೊನೆಯ ಬಾರಿ ಸೇರಿದ ದಿನ ಪಕ್ಕದಲ್ಲೇ ಇತ್ತು, ಹಿರಿಯರು ಸತ್ತ ದಿನ. ಆ ಫೋನನ್ನು ಅವಳಿಗೆ ತೆಗೆಸಿಕೊಟ್ಟವಳು ನಾನು. ಅಂಗಡಿಯಲ್ಲಿ, ಫೋನಿಗೊಂದು ಹೆಸರು ಹಾಕಬೇಕು ಎಂದಾಗ, ಅವಳನ್ನು ನಗಿಸಬೇಕೆಂದು ಆ ಹೆಸರನ್ನು ಕುಟ್ಟಿದವಳೂ ನಾನೇ.

ಮೊದಲ ಸಲ ಸೇರುವಾಗ ಟೀವಿ ಕೇಳುತ್ತದೆ, ಇವರನ್ನು ಒಳಗೆ ಬಿಡಲೇ ಎಂದು. ಟೀವಿ ಮುಂದೆ ನಿಂತವರೇ ಹೂಂ ಅನ್ನಬೇಕು. ಹೊಸಿಲೂ ತುಳಿದಿಲ್ಲ ಅಕ್ಕಾ ಎಂದಿದ್ದಳು. ಕಂಬಿ ಹಿಡಿದು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಊರಿನ ಕಳ್ಳರ ಸುಳ್ಳನ್ನೆಲ್ಲಾ ಹಿಡಿಯುವ ನನ್ನ ಕಿವಿಯ ಮೇಲೆ ನನ್ನ ಪಿಟೀಲೇ ಹೂವಿಟ್ಟಿದ್ದಳು.

ಯಾಕೆ ಸುಳ್ಳು ಹೇಳಿದೆ? ಏನು ಮಾಡಿದೆ ನೀನು? ಕೇಳಲು ಅವಳು ಎದುರಿಗಿರಲಿಲ್ಲ.

ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಚೌಕ ಬೆಳಗುತ್ತಿತ್ತು, ಅಳಿಸು.

ಮೆಟ್ಟಿಲ ಕಡೆಯಿಂದ ಇನ್ಸ್‌ಪೆಕ್ಟರ ಮಾತು ಕೇಳಿಸುತ್ತಿತ್ತು. “ಹೌದು, ನರ್ಸನ್ನೇ. ವ್ಯಾನ್ ನಿಲ್ಲಿಸಿ. ಟೀ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಅವರ ಅಕ್ಕನ್ನ ಕರ್ಕೊಂಡು ಬರ್ತೀನಿ.” ಫೋನ್ ಇಟ್ಟರು. ಬೂಟಿನ ಸದ್ದು ಬಾಗಿಲ ಕಡೆಗೆ ತಿರುಗಿತು.

“ಹೆಸರು ಸಿಕ್ತಾ ಮೇಡಂ? ಯಾರಂತೆ?”

ರಿಮೋಟ್ ನನ್ನ ಕೈಯಲ್ಲೇ ಇತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು.